ಗೋಡೆಯ ಮೇಲಿನ ಅನಿತಾ ಯಾರು, ಟೀಚರ್?

ಹೋದ ಸಂಚಿಕೆಯಲ್ಲಿ ಹ್ಯಾಂಡ್‌ಬಾಲ್ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಮುಂಬೈ ಪಾಲಿಕೆಯ ಕನ್ನಡ ಶಾಲೆಯಲ್ಲಿ 31 ವರ್ಷ ಆಟದ ಟೀಚರ್ ಆಗಿದ್ದವಳು ನಾನು. ಅದರಲ್ಲಿ 18 ವರ್ಷ ಹುಡುಗಿಯರಿಗೆ ಹ್ಯಾಂಡ್‌ಬಾಲ್ ಹೇಳಿಕೊಟ್ಟಿದ್ದೇನೆ. ಕೈಯಿಂದ ಬಾಲ್ ಎಸೆದು ಗೋಲು ಹೊಡೆಯುವ ಈ ಆಟದ ಹೆಸರು ಆಗ ಹೇಳಿದರೆ "ವಾಲಿಬಾಲಾ?" ಎಂದು ಕೇಳುತ್ತಿದ್ದರು. ಈಗ ಡೊಂಬಿವಲಿಯಿಂದ, ಪುಣೆಯಿಂದ, ವಾಸ್ಕೋದಿಂದ ಇದರ ಬಗ್ಗೆ ಪತ್ರ ಬರುತ್ತಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಹ್ಯಾಂಡ್‌ಬಾಲಿಗೇ ಇರಲಿ. ಹೆಸರು ಹಾಕಬೇಡಿ ಎಂದು ಕೆಲವರು ಕೇಳಿಕೊಂಡಿದ್ದಾರೆ. ಅದಕ್ಕೆ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನನ್ನ ಮಗಳು ಒಂಬತ್ತನೇ ಕ್ಲಾಸು ಮುಗಿಸಿದ್ದಾಳೆ. ಶಾಲೆಯ ಹ್ಯಾಂಡ್‌ಬಾಲ್ ತಂಡದಲ್ಲಿ ಸೆಂಟರ್ ಬ್ಯಾಕ್, ಅಂದರೆ ನಡುವೆ ನಿಂತು ಆಟ ಕಟ್ಟುವವಳು. ಅನಿತಾ ಅಂತ ಯಾವುದೋ ದೇಶದ ಆಟಗಾರ್ತಿಯ ಫೋಟೋ ದೇವರ ಗೂಡಿನ ಪಕ್ಕದ ಗೋಡೆಗೇ ಅಂಟಿಸಿದ್ದಾಳೆ. ಹೋದ ತಿಂಗಳು ಮುಂದಿದ್ದ ಮ್ಯಾಚು ಸೋತು ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಎತ್ತರವೂ ಕಮ್ಮಿ, ಐದು ಅಡಿ ಎರಡಿಂಚು. ಇವರಿಗೆ ಹೋಟೆಲಲ್ಲಿ ರಾತ್ರಿ ಪಾಳಿ, ನಾನೇ ಎಲ್ಲ ನೋಡಿಕೊಳ್ಳಬೇಕು. ಮುಂದಿನ ವರ್ಷ ಹತ್ತನೇ ಕ್ಲಾಸು. ಇಷ್ಟು ಅಳಿಸುವ ಆಟ ಬೇಕಾ ಟೀಚರ್? ಆ ಅನಿತಾ ಯಾರು? (ಡೊಂಬಿವಲಿಯ ತಾಯಿ)

ಉತ್ತರ: ತಂಗಿ, ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಉಳಿದದ್ದಕ್ಕೆಲ್ಲ ಅದರಲ್ಲೇ ಉತ್ತರ ಇದೆ.

ಅವಳ ಪೂರ್ತಿ ಹೆಸರು ಅನಿತಾ ಗೋರ್ಬಿಟ್ಸ್. ದೇಶ ಹಂಗೇರಿ. ಅಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಆಮೇಲೆ. ಅವರು ಅವಳನ್ನು ಗೋರ್ಬಿಟ್ಸ್ ಅನಿತಾ ಅನ್ನುತ್ತಾರೆ. ನಮ್ಮ ಕಡೆಯೂ ಊರಿನ ಹೆಸರು, ಮನೆ ಹೆಸರು ಮುಂದೆ ಬರುತ್ತದೆ ಅಲ್ವಾ, ಹಾಗೆಯೇ. 1983ರ ಮೇ 13ರಂದು ವೆಸ್ಪ್ರೇಮ್ ಎಂಬ ಊರಲ್ಲಿ ಹುಟ್ಟಿದಳು. ಹದಿಹರೆಯದಲ್ಲೇ ಸುಮಾರು ಎಂಬತ್ತು ಕಿಲೋಮೀಟರ್ ದೂರದ ಗ್ಯೋರ್ ಪಟ್ಟಣದ ಕ್ಲಬ್ಬಿಗೆ ಬಂದಳು. 2021ರಲ್ಲಿ ಆಟ ನಿಲ್ಲಿಸುವವರೆಗೂ ಅದೇ ಕ್ಲಬ್. ಗ್ಯೋರ್ ಇರುವುದು ಬುಡಾಪೆಸ್ಟಿಗೂ ವಿಯೆನ್ನಾಗೂ ನಡುವೆ. ಕಾರಿನ ಎಂಜಿನ್ ಮಾಡುವ ಊರು. ಜನ ಸುಮಾರು 1.3 ಲಕ್ಷ. ನಿಮ್ಮ ಕಲ್ಯಾಣ-ಡೊಂಬಿವಲಿಯ ಹತ್ತರಲ್ಲೊಂದು ಪಾಲು. ಇಡೀ ಹಂಗೇರಿ ದೇಶದ ಜನಸಂಖ್ಯೆಯೇ ಒಂದು ಕೋಟಿ ಇಲ್ಲ, ನಮ್ಮ ಮುಂಬೈಗಿಂತ ಕಮ್ಮಿ. ಆದರೆ ಅಲ್ಲಿ ಹುಡುಗಿಯರ ಹ್ಯಾಂಡ್‌ಬಾಲ್ ಅಂದರೆ ಇಲ್ಲಿ ಕ್ರಿಕೆಟ್ ಇದ್ದ ಹಾಗೆ. 1965ರಲ್ಲೇ ವಿಶ್ವಕಪ್ ಗೆದ್ದವರು ಅವರು.

ಈಗ ನಿಮ್ಮ ಮಗಳ ಕಣ್ಣೀರಿನ ವಿಷಯ.

2003ರ ಡಿಸೆಂಬರ್. ಕ್ರೊಯೇಷಿಯಾದಲ್ಲಿ ವಿಶ್ವಕಪ್. ಫೈನಲ್‌ನಲ್ಲಿ ಹಂಗೇರಿಗೆ ಎದುರಾಳಿ ಫ್ರಾನ್ಸ್. ಅನಿತಾಗೆ ಇಪ್ಪತ್ತು ವರ್ಷ. ಎರಡನೇ ಅರ್ಧದಲ್ಲಿ ಹಂಗೇರಿ ಏಳು ಗೋಲು ಮುಂದಿತ್ತು. ಅಷ್ಟು ದೊಡ್ಡ ಫೈನಲ್‌ನಲ್ಲಿ ಏಳು ಗೋಲು ಮುಂದಿದ್ದರೆ ಯಾರಾದರೂ ಇನ್ನು ಕಪ್ ಅವರದೇ ಅಂದುಕೊಳ್ಳುತ್ತಾರೆ. ಫ್ರಾನ್ಸ್ ಒಂದೊಂದೇ ಗೋಲು ಹೊಡೆಯುತ್ತ ಬಂತು. ಸಮಯ ಮುಗಿದಾಗ ಸ್ಕೋರು ಸಮ. ಹೆಚ್ಚುವರಿ ಸಮಯದಲ್ಲಿ 32-29ರಿಂದ ಫ್ರಾನ್ಸ್ ಗೆದ್ದೇಬಿಟ್ಟಿತು. ಅದಕ್ಕೂ ಮೂರು ವರ್ಷ ಹಿಂದೆ, ಸಿಡ್ನಿ ಒಲಿಂಪಿಕ್ಸ್ ಫೈನಲ್‌ನಲ್ಲೂ ಹಂಗೇರಿಗೆ ಹೀಗೇ ಆಗಿತ್ತು. ಆರು ಗೋಲು ಮುಂದಿದ್ದು ಡೆನ್ಮಾರ್ಕಿಗೆ ಸೋತರು. ಹಾಗಾಗಿ ಅದು ಆ ದೇಶಕ್ಕೆ ಎರಡನೇ ಪೆಟ್ಟು.

ಆ ಫೈನಲ್‌ನ ವಿಡಿಯೋ ನಾನು ನೋಡಿದ್ದು ಎಷ್ಟೋ ವರ್ಷ ಆದಮೇಲೆ. ಪೂರ್ತಿ ನೋಡಲಾಗದೆ ಎರಡು ಸಲ ನಿಲ್ಲಿಸಿದೆ. ಯಾಕೆ ಅಂದರೆ ಅಂಥದ್ದೊಂದು ಮ್ಯಾಚು ನನ್ನ ಕೈಯಲ್ಲೂ ಹೋಗಿದೆ.

ಅಂತರ ಶಾಲಾ ಪಂದ್ಯ. ನನ್ನ ಹುಡುಗಿಯರು ಐದು ಗೋಲು ಮುಂದಿದ್ದರು, ಎಂಟು ನಿಮಿಷ ಬಾಕಿ ಇತ್ತು. ನಾನು ಗೆರೆ ಪಕ್ಕ ನಿಂತು "ಬಾಲ್ ಇಟ್ಕೊಳ್ಳಿ, ಹೊಡೀಬೇಡಿ, ಹೊಡೀಬೇಡಿ" ಅಂತ ಕೂಗಿದೆ. ಹ್ಯಾಂಡ್‌ಬಾಲ್‌ನಲ್ಲಿ ಹಾಗೆ ಸುಮ್ನೆ ಬಾಲ್ ಇಟ್ಟುಕೊಳ್ಳಲು ಬಿಡುವುದಿಲ್ಲ. ಗೋಲಿಗೆ ಪ್ರಯತ್ನವೇ ಮಾಡದೆ ಹೊತ್ತು ಕಳೆದರೆ ರೆಫರಿ ಕೈ ಎತ್ತಿ ಎಚ್ಚರಿಸುತ್ತಾರೆ. ಈಗಿನ ನಿಯಮದಲ್ಲಿ ಕೈ ಎತ್ತಿದ ಮೇಲೆ ನಾಲ್ಕೇ ಪಾಸ್. ಅಷ್ಟರಲ್ಲಿ ಹೊಡೆಯಲೇಬೇಕು, ಇಲ್ಲದಿದ್ದರೆ ಬಾಲ್ ಎದುರಿನವರಿಗೆ. ಅವತ್ತು ರೆಫರಿಯ ಕೈ ಮೇಲೆ ಹೋದಾಗಲೆಲ್ಲ ನನ್ನ ಹುಡುಗಿಯರು ಗಾಬರಿಯಿಂದ ಎಲ್ಲೆಲ್ಲಿಂದಲೋ ಹೊಡೆದರು. ಒಂದು ಗೋಲಿನಿಂದ ಸೋತೆವು.

ವಾಪಸು ಬರುವಾಗ ಲೇಡೀಸ್ ಡಬ್ಬದಲ್ಲಿ ಯಾರೂ ಮಾತಾಡಲಿಲ್ಲ. ಕುರ್ಲಾದಲ್ಲಿ ಎಲ್ಲರಿಗೂ ವಡಾಪಾವ್ ಕೊಡಿಸಿದೆ. ಒಬ್ಬಳೂ ತಿನ್ನಲಿಲ್ಲ. ಕಾಗದದಲ್ಲಿ ಸುತ್ತಿದ್ದು ಹಾಗೇ ಮಡಿಲಲ್ಲಿ ತಣ್ಣಗಾಯಿತು. ನಮ್ಮ ಸೆಂಟರ್ ಬ್ಯಾಕ್ ಬಾಲ್‌ಗಳ ಬಲೆ ಚೀಲವನ್ನು ತಬ್ಬಿಕೊಂಡು ಬಾಗಿಲ ಹತ್ತಿರ ನಿಂತಿದ್ದಳು. ಸಯಾನ್ ದಾಟಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು: "ಟೀಚರ್, ನಾವು ಆಡೋದು ಯಾವಾಗ ಬಿಟ್ವಿ?"

ಆ ಮಗುವಿನ ಪ್ರಶ್ನೆಯಲ್ಲಿ ಎಲ್ಲ ಇತ್ತು. ನಾನು ಕೂಗಿದ ಕ್ಷಣದಿಂದ ಅವರು ಆಡುವುದು ಬಿಟ್ಟು ಕಾಯಲು ಶುರು ಮಾಡಿದ್ದರು. ತಪ್ಪು ನನ್ನದು. ಮಾರನೇ ದಿನ ಪ್ರಾರ್ಥನೆ ಮುಗಿದ ಮೇಲೆ ಎಲ್ಲರನ್ನೂ ಕರೆದು ಹಾಗೇ ಹೇಳಿದೆ.

ನಿಮ್ಮ ಮಗಳು ಎರಡು ದಿನ ಊಟ ಬಿಟ್ಟಳು ಅಂದಿರಿ. ಅನಿತಾ ಆ ಫೈನಲ್ ಸೋತ ಮೇಲೆ ದೊಡ್ಡ ಕಪ್ ಗೆಲ್ಲಲು ಎಷ್ಟು ವರ್ಷ ಕಾದಳು ಗೊತ್ತಾ? ಒಂಬತ್ತಕ್ಕೂ ಜಾಸ್ತಿ. ನಡುವೆ ಏನೇನಾಯಿತು ಕೇಳಿ. 2004ರಲ್ಲಿ ತನ್ನದೇ ದೇಶದಲ್ಲಿ ನಡೆದ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚು. 2005ರ ಜನವರಿಯಲ್ಲಿ ತಂಡದ ಪಿವಟ್ (ಎದುರಾಳಿಯ ಗೋಲಿನ ಹತ್ತಿರ ನಿಂತು ಆಡುವವಳು) ಅನಿತಾ ಕುಲ್ಚಾರ್ ಕಾರು ಅಪಘಾತದಲ್ಲಿ ತೀರಿಕೊಂಡಳು. ಇಬ್ಬರ ಹೆಸರೂ ಅನಿತಾ. 2004ರ ವಿಶ್ವದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿ ಕುಲ್ಚಾರ್‌ಗೆ ಮರಣದ ನಂತರ ಬಂತು. ಮರುವರ್ಷ, 2005ರ ಪ್ರಶಸ್ತಿ ಗೋರ್ಬಿಟ್ಸ್‌ಗೆ. ಈ ಎರಡು ಸಾಲನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ. 2005ರ ವಿಶ್ವಕಪ್‌ನಲ್ಲಿ ಮತ್ತೆ ಕಂಚು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚಿನ ಪಂದ್ಯ ದಕ್ಷಿಣ ಕೊರಿಯಾಕ್ಕೆ ಸೋತು ನಾಲ್ಕನೇ ಸ್ಥಾನ. ಕ್ಲಬ್ ಕಥೆಯೂ ಅಷ್ಟೇ. 2009ರಲ್ಲಿ, ಯುರೋಪಿನ ಕ್ಲಬ್ಬುಗಳ ದೊಡ್ಡ ಕಪ್ ಆದ ಚಾಂಪಿಯನ್ಸ್ ಲೀಗ್ ಫೈನಲ್‌ನಲ್ಲಿ ಡೆನ್ಮಾರ್ಕಿನ ವೀಬೋರ್‌ಗೆ ಸೋಲು. 2012ರಲ್ಲಿ ಅದೇ ಕಪ್ಪಿನ ಫೈನಲ್, ಮಾಂಟೆನೆಗ್ರೋದ ಬುದುಚ್‌ನೋಸ್ತ್ ಎದುರು ಎರಡು ಪಂದ್ಯದ ಒಟ್ಟು ಗೋಲು ಸಮಸಮ. ಆದರೆ ಎದುರಾಳಿಯ ಅಂಗಳದಲ್ಲಿ ಹೊಡೆದ ಗೋಲು ಯಾರದು ಜಾಸ್ತಿ ಎಂಬ ಲೆಕ್ಕದಲ್ಲಿ ಕಪ್ ಕೈತಪ್ಪಿತು. ಒಟ್ಟಿನಲ್ಲಿ ಸೋಲದೆಯೇ ಸೋತ ಹಾಗೆ.

ಕೊನೆಗೆ 2013ರ ಮೇ ತಿಂಗಳಲ್ಲಿ, ಮೂವತ್ತು ತುಂಬುವ ಹೊತ್ತಿಗೆ, ನಾರ್ವೆಯ ಲಾರ್ವಿಕ್ ತಂಡವನ್ನು ಸೋಲಿಸಿ ಚಾಂಪಿಯನ್ಸ್ ಲೀಗ್ ಗೆದ್ದಳು. ಆಮೇಲೆ 2014, 2017, 2018, 2019. ಒಟ್ಟು ಐದು. ರಾಷ್ಟ್ರೀಯ ತಂಡಕ್ಕೆ 230ಕ್ಕೂ ಹೆಚ್ಚು ಪಂದ್ಯ, 1,100ಕ್ಕೂ ಹೆಚ್ಚು ಗೋಲು. ಇಷ್ಟಾದರೂ ಒಲಿಂಪಿಕ್ ಪದಕ ಒಂದೂ ಇಲ್ಲ. ಪದಕ ಎಣಿಸುವವರು ಅದನ್ನು ಕೊರತೆ ಅನ್ನಬಹುದು. ನನಗೆ ಹಾಗನ್ನಿಸುವುದಿಲ್ಲ. ಅವಳ ಆಟದ ಬದುಕಿನಲ್ಲಿ ನನಗೆ ತುಂಬಾ ಬೆಲೆಯುಳ್ಳದ್ದು ಆ ಒಂಬತ್ತು ವರ್ಷವೇ. ಇಪ್ಪತ್ತಕ್ಕೆ ಹಾಗೆ ಸೋತವಳು ಮತ್ತೆ ಸೋಮವಾರ ಬೆಳಿಗ್ಗೆ ಅದೇ ಹಾಲಿಗೆ ಹೋಗಿ ಶೂ ಲೇಸು ಕಟ್ಟಿದಳಲ್ಲ, ಅದು.

ಎತ್ತರದ ಬಗ್ಗೆ ಕೇಳಿದಿರಿ. ಅನಿತಾ 175 ಸೆಂಟಿಮೀಟರ್. ಅಲ್ಲಿನವರ ನಡುವೆ ಅದು ದೊಡ್ಡ ಎತ್ತರವಲ್ಲ. ಅವಳ ನಂತರ ಗ್ಯೋರ್‌ನಲ್ಲಿ ಸೆಂಟರ್ ಬ್ಯಾಕ್ ಆಡಿದ ನಾರ್ವೆಯ ಸ್ಟೀನೆ ಓಫ್ಟೆಡಾಲ್ 168 ಸೆಂಟಿಮೀಟರ್, ಅಂದರೆ ಐದು ಅಡಿ ಆರಿಂಚು. ಅವಳೂ ವಿಶ್ವದ ಶ್ರೇಷ್ಠ ಆಟಗಾರ್ತಿ ಆದವಳೇ. ಈ ಜಾಗದಲ್ಲಿ ಆಡುವವಳಿಗೆ ಕಣ್ಣು ಮತ್ತು ಕಾಲು ಮುಖ್ಯ. ನಿಮ್ಮ ಮಗಳು ಇನ್ನೂ ಬೆಳೆಯಬಹುದು, ಬೆಳೆಯದಿದ್ದರೂ ಆಡಬಹುದು.

ಹತ್ತನೇ ಕ್ಲಾಸಿನ ವಿಷಯಕ್ಕೆ ನೇರವಾಗಿ ಹೇಳುತ್ತೇನೆ. ಆಟ ಪೂರ್ತಿ ಬಿಡಿಸಬೇಡಿ. ವಾರಕ್ಕೆ ಮೂರು ದಿನ, ಒಂದೂವರೆ ಗಂಟೆ ಸಾಕು. ಪರೀಕ್ಷೆಗೆ ಎರಡು ತಿಂಗಳು ಇರುವಾಗ ಒಂದು ದಿನಕ್ಕೆ ಇಳಿಸಿ. ರಾಜ್ಯ ಮಟ್ಟಕ್ಕೆ ಹೋದ ಮಕ್ಕಳಿಗೆ ಮಹಾರಾಷ್ಟ್ರ ಬೋರ್ಡಿನಲ್ಲಿ ಗ್ರೇಸ್ ಮಾರ್ಕ್ಸ್ ಇದೆ. ಅರ್ಜಿ ಕಳಿಸಬೇಕಾದ್ದು ಶಾಲೆಯವರು, ಈಗಲೇ ಹೋಗಿ ಕೇಳಿಡಿ. ರೈಲ್ವೆ, ಪೊಲೀಸ್ ಇಲಾಖೆಗಳಲ್ಲಿ ಕ್ರೀಡಾ ಕೋಟಾ ಇದೆ. ಇದರಿಂದ ನೌಕರಿ ಸಿಕ್ಕೇ ಸಿಗುತ್ತದೆ ಎಂದು ನಾನು ಸುಳ್ಳು ಭರವಸೆ ಕೊಡುವುದಿಲ್ಲ. ಆದರೆ ನಮ್ಮ ಹುಡುಗಿಯರಿಗೆ ಈ ಆಟ ಬರುವುದಿಲ್ಲ ಅಂತ ಯಾರಾದರೂ ಅಂದರೆ ಇದನ್ನು ಹೇಳಿ: 2022ರಲ್ಲಿ ಕಜಕಿಸ್ತಾನದ ಅಲ್ಮಾಟಿಯಲ್ಲಿ ಏಷ್ಯನ್ ಜೂನಿಯರ್ ಮಹಿಳಾ ಹ್ಯಾಂಡ್‌ಬಾಲ್‌ನಲ್ಲಿ ಚಿನ್ನ ಗೆದ್ದದ್ದು ಭಾರತದ ಹುಡುಗಿಯರು.

ಇನ್ನೊಂದು ಮಾತು. ಮುಂದಿನ ಸಲ ಸೋತು ಬಂದರೆ "ಹೋಗಲಿ ಬಿಡು" ಅನ್ನಬೇಡಿ. ತಟ್ಟೆ ಮುಂದಿಟ್ಟು, ಪಕ್ಕದಲ್ಲಿ ಕೂತು, ಯಾವ ಗೋಲು ಹೇಗೆ ಬಿಟ್ಟಿರಿ ಅಂತ ಕೇಳಿ. ನಿಮಗೆ ಅರ್ಥ ಆಗದಿದ್ದರೂ ಪರವಾಗಿಲ್ಲ. ಅವಳು ಹೇಳುತ್ತ ಹೇಳುತ್ತ ಊಟ ಮಾಡುತ್ತಾಳೆ. ಫೋಟೋ ದೇವರ ಗೂಡಿನ ಪಕ್ಕದಲ್ಲೇ ಇರಲಿ.

ಪ್ರಶ್ನೆ: ಮೊಮ್ಮಗಳ ಜೊತೆ ಕೂತು ಮೊಬೈಲಿನಲ್ಲಿ ಹಳೆಯ ಹ್ಯಾಂಡ್‌ಬಾಲ್ ಪಂದ್ಯ ನೋಡುತ್ತೇನೆ. ನಾನು ಊರಲ್ಲಿ ಕಬಡ್ಡಿ ಆಡಿದವನು. ಆ ಹಂಗೇರಿಯ ಹುಡುಗಿ ಗೋಲು ಹೊಡೆಯದೆ ಇದ್ದಾಗಲೂ ಮೊಮ್ಮಗಳು "ನೋಡಿ ಅಜ್ಜ, ನೋಡಿ" ಎಂದು ಕುಣಿಯುತ್ತಾಳೆ. ನನಗೆ ಏನೂ ಕಾಣುವುದಿಲ್ಲ. ಏನನ್ನು ನೋಡಬೇಕು? (ಮಾಟುಂಗಾದ ಓದುಗರು, 74 ವರ್ಷ)

ಉತ್ತರ: ಹಿರಿಯರೇ, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಕಬಡ್ಡಿ ಆಡಿದ ನಿಮಗೆ ಇದು ಬೇಗ ಹಿಡಿಯುತ್ತದೆ.

ಬಾಲ್ ನೋಡುವುದು ಬಿಡಿ. ಅವಳ ಸೊಂಟ ನೋಡಿ. ರೈಡಿಗೆ ಹೋದವನು ಬಲಗಡೆ ಕಾಲು ಚಾಚಿದ ಹಾಗೆ ಮಾಡಿ ಎಡಗಡೆಯವನನ್ನು ಮುಟ್ಟಿ ಬರುತ್ತಾನಲ್ಲ, ಅದೇ ಇದು. ಬಾಲ್ ಹಿಡಿದು ಮೂರೇ ಹೆಜ್ಜೆ ಇಡಬಹುದು. ನೆಲಕ್ಕೆ ತಟ್ಟದೆ ಮೂರು ಸೆಕೆಂಡಿಗಿಂತ ಜಾಸ್ತಿ ಕೈಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಆ ಮೂರು ಹೆಜ್ಜೆಯಲ್ಲಿ ಮೊದಲನೆಯದು ಅನಿತಾಳದ್ದು ಸುಳ್ಳು ಹೆಜ್ಜೆ. ಮೈಪೂರ್ತಿ ಒಂದು ಕಡೆ ವಾಲುತ್ತದೆ. ತಡೆಯುವವಳ ಭಾರ ಆ ಕಾಲಿನ ಮೇಲೆ ಬೀಳುತ್ತದೆ. ಅಷ್ಟರಲ್ಲಿ ಅನಿತಾ ಇನ್ನೊಂದು ಕಡೆಯಿಂದ ದಾಟಿರುತ್ತಾಳೆ. ಎದುರಿನವಳು ಕೈ ಚಾಚಿ ಗಾಳಿ ಹಿಡಿಯುತ್ತಾಳೆ.

ಈಗ ಎರಡನೆಯದು. ಗೋಲಿನ ಮುಂದೆ ಆರು ಮೀಟರ್ ದೂರದಲ್ಲಿ ಬಿಲ್ಲಿನ ಆಕಾರದ ಒಂದು ಗೆರೆ ಇದೆ. ಅದರೊಳಗೆ ಗೋಲ್‌ಕೀಪರ್ ಮಾತ್ರ. ಆ ಗೆರೆಗೆ ಅಂಟಿಕೊಂಡು, ಗೋಲಿಗೆ ಬೆನ್ನು ಹಾಕಿ, ಎದುರಾಳಿಗಳ ನಡುವೆ ಜಜ್ಜಿಸಿಕೊಳ್ಳುತ್ತ ಒಬ್ಬಳು ನಿಂತಿರುತ್ತಾಳೆ. ಅವಳೇ ಪಿವಟ್. ಗ್ಯೋರ್‌ನಲ್ಲಿ ಬಹಳ ಕಾಲ ನಾರ್ವೆಯ ಹೈಡಿ ಲೋಕೆ ಆ ಜಾಗದಲ್ಲಿದ್ದಳು. ಅನಿತಾ ಎಡಗಡೆ ದಾಟಿದ ತಕ್ಷಣ ಇಬ್ಬರು ರಕ್ಷಕಿಯರು ಅವಳ ಮೇಲೆ ಬೀಳುತ್ತಾರೆ. ಆಗ ಪಿವಟ್ ಒಂದು ಕ್ಷಣ ಖಾಲಿ. ಆ ಕ್ಷಣದಲ್ಲಿ ಬಾಲ್ ನೆಲಕ್ಕೆ ಒಂದು ಪುಟ ಬಿದ್ದು, ಎಲ್ಲರ ಕಾಲ ನಡುವೆ ಅವಳ ಕೈಗೆ ಬರುತ್ತದೆ. ಗೋಲು ಲೋಕೆಯ ಹೆಸರಿಗೆ. ಮಾಡಿಕೊಟ್ಟದ್ದು ಅನಿತಾ. ನಿಮ್ಮ ಮೊಮ್ಮಗಳು ಕುಣಿಯುವುದು ಅದನ್ನು ನೋಡಿ.

2014ರ ಚಾಂಪಿಯನ್ಸ್ ಲೀಗ್ ಫೈನಲ್ ಹುಡುಕಿ ನೋಡಿ. ಬುಡಾಪೆಸ್ಟಿನಲ್ಲಿ ಆಡಿದ್ದು. ಎರಡು ವರ್ಷ ಹಿಂದೆ ತಮ್ಮಿಂದ ಕಪ್ ಕಸಿದಿದ್ದ ಅದೇ ಬುದುಚ್‌ನೋಸ್ತ್ ತಂಡವನ್ನು 27-21ಕ್ಕೆ ಸೋಲಿಸಿದರು. ಒಂದು ಸಲ ಬಾಲ್ ನೋಡುತ್ತ, ಇನ್ನೊಂದು ಸಲ ಸೆಂಟರ್ ಬ್ಯಾಕ್ ಕಾಲು ನೋಡುತ್ತ ನೋಡಿ. ಎರಡು ಬೇರೆ ಬೇರೆ ಪಂದ್ಯ ನೋಡಿದ ಹಾಗಿರುತ್ತದೆ.

ಪ್ರಶ್ನೆ: ನನಗೆ 19. ಕಾಲೇಜು ತಂಡದಲ್ಲಿ ಲೆಫ್ಟ್ ಬ್ಯಾಕ್. ಜಂಪ್ ಶಾಟ್ ಹೊಡೆದು ಇಳಿಯುವಾಗ ಮೊಣಕಾಲು ಒಳಕ್ಕೆ ತಿರುಗಿ ಟಕ್ ಅಂತು. ಎಸಿಎಲ್ (ಮೊಣಕಾಲಿನೊಳಗಿನ ಒಂದು ನಾರು) ಹರಿದಿತ್ತು. ಆಪರೇಷನ್ ಆಗಿ ನಾಲ್ಕು ತಿಂಗಳಾಯಿತು. ಈಗ ನೋವಿಲ್ಲ. ಮುಂದಿನ ತಿಂಗಳ ಟೂರ್ನಮೆಂಟಿಗೆ ಬಾ, ಹತ್ತು ನಿಮಿಷ ಆಡಿದರೆ ಸಾಕು ಎಂದು ತಂಡದಲ್ಲಿ ಒತ್ತಾಯ. ಹೋಗಲಾ? (ಪುಣೆ, ಹಡಪ್ಸರ್)

ಉತ್ತರ: ಬೇಡ. ಹತ್ತು ನಿಮಿಷವೂ ಬೇಡ, ಒಂದು ನಿಮಿಷವೂ ಬೇಡ.

ನೋವಿಲ್ಲ ಅಂದರೆ ವಾಸಿಯಾಗಿದೆ ಅಂತ ಅರ್ಥವಲ್ಲ ಮಗಳೇ. ಒಳಗೆ ಕೂರಿಸಿದ ಹೊಸ ನಾರು ಗಟ್ಟಿಯಾಗಲು ತಿಂಗಳುಗಟ್ಟಲೆ ಬೇಕು. ಒಂಬತ್ತು ತಿಂಗಳಿಗೆ ಮುಂಚೆ ತಿರುಗುವ, ಹಾರುವ ಆಟಕ್ಕೆ ಇಳಿಯಬೇಡಿ ಎಂದು ವೈದ್ಯರು ಈಗ ಸಾಮಾನ್ಯವಾಗಿ ಹೇಳುತ್ತಾರೆ. ಬೇಗ ಇಳಿದವರಿಗೆ ಮತ್ತೆ ಹರಿಯುವ ಅಪಾಯ ಜಾಸ್ತಿ. ತಿಂಗಳು ಎಣಿಸಿದರೆ ಮಾತ್ರ ಸಾಲದು. ಆಪರೇಷನ್ ಆದ ಕಾಲಿನ ಬಲ ಇನ್ನೊಂದು ಕಾಲಿನ ಹತ್ತಿರಕ್ಕೆ ಬಂದಿದೆಯಾ ಅಂತ ಫಿಸಿಯೋ ಅಳೆದು ನೋಡಬೇಕು. ಒಂಟಿ ಕಾಲಲ್ಲಿ ಹಾರಿ ಇಳಿಯುವ ಪರೀಕ್ಷೆ ಮಾಡಿಸಬೇಕು. ನಿನ್ನ ಸರ್ಜನ್ ಬರೆದುಕೊಟ್ಟ ಮೇಲೆಯೇ ಮೈದಾನ. ನನ್ನ ಕೈಯಲ್ಲಿ ಆಡಿದ ಒಬ್ಬ ಹುಡುಗಿ ದೊಡ್ಡ ತಂಡಕ್ಕೆ ಹೋದ ಮೇಲೆ ಹೀಗೇ ಐದು ತಿಂಗಳಿಗೆ ಇಳಿದಳು. ಎರಡನೇ ಸಲ ಹರಿದ ಮೇಲೆ ಮೆಟ್ಟಿಲು ಇಳಿಯುವಾಗಲೂ ಕಂಬಿ ಹಿಡಿಯುತ್ತಾಳೆ. ಅವಳ ಮದುವೆಯಲ್ಲಿ ಅದನ್ನು ನೋಡಿ ನನಗೆ ಊಟ ಸೇರಲಿಲ್ಲ.

ನಿನ್ನಂಥವರಿಗೆ ದಾರಿ ಇದೆ. ಗೋರ್ಬಿಟ್ಸ್ ಜೊತೆ ಗ್ಯೋರ್‌ನಲ್ಲಿ ಆಡಿದ ನಾರ್ವೆಯ ನೋರಾ ಮೋರ್ಕ್ ಹೆಸರು ಕೇಳಿರಬೇಕು. ಮೊಣಕಾಲಿಗೆ ಒಂದೆರಡಲ್ಲ, ಎಷ್ಟೋ ಆಪರೇಷನ್ ಆಗಿವೆ. ಪ್ರತಿ ಸಲವೂ ತಿಂಗಳುಗಟ್ಟಲೆ ಹೊರಗೆ ಕೂತು ವಾಪಸಾದಳು. 2020ರ ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅತಿ ಹೆಚ್ಚು ಗೋಲು ಅವಳದೇ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ನಾರ್ವೆ ತಂಡದಲ್ಲಿದ್ದಳು.

ನಿನ್ನ ತಂಡದ ಉಳಿದವರಿಗೂ ಒಂದು ಮಾತು. ಈ ಗಾಯ ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ ಆಗುತ್ತದೆ. ಅದು ಹೆಚ್ಚಾಗಿ ಯಾರೂ ತಳ್ಳದೆ, ಇಳಿಯುವಾಗ ಅಥವಾ ಫಕ್ಕನೆ ತಿರುಗುವಾಗ ಆಗುವಂಥದ್ದು. ನಾರ್ವೆಯವರು ತಮ್ಮ ಹ್ಯಾಂಡ್‌ಬಾಲ್ ಹುಡುಗಿಯರ ಮೇಲೆ ವರ್ಷಗಟ್ಟಲೆ ಇದನ್ನು ಅಧ್ಯಯನ ಮಾಡಿ, ಅಭ್ಯಾಸಕ್ಕೆ ಮುಂಚೆ ಹದಿನೈದು ನಿಮಿಷದ ವ್ಯಾಯಾಮ ರೂಪಿಸಿದರು. ಒಂಟಿ ಕಾಲಲ್ಲಿ ನಿಂತು ಬಾಲ್ ಹಿಡಿಯುವುದು, ಎರಡೂ ಕಾಲ ಮೇಲೆ ಮೆತ್ತಗೆ ಇಳಿಯುವುದು, ಇಳಿಯುವಾಗ ಮೊಣಕಾಲು ಪಾದದ ನೇರಕ್ಕೆ ಇದೆಯಾ ಅಂತ ಜೊತೆಗಾತಿ ನೋಡುವುದು. ಖರ್ಚಿಲ್ಲದ ಕೆಲಸ. ಆಡಲಾಗದ ಈ ಐದು ತಿಂಗಳು ನೀನೇ ಮುಂದೆ ನಿಂತು ಅವರಿಗೆ ಮಾಡಿಸು.

ಪ್ರಶ್ನೆ: ವಯಸ್ಸು 29. ಮಗನಿಗೆ ಹತ್ತು ತಿಂಗಳು. ಮದುವೆಗೆ ಮುಂಚೆ ಯೂನಿವರ್ಸಿಟಿ ತಂಡದಲ್ಲಿ ಹ್ಯಾಂಡ್‌ಬಾಲ್ ಆಡಿದ್ದೆ. ಹತ್ತಿರದ ಮೈದಾನದಲ್ಲಿ ಹೆಂಗಸರು ಭಾನುವಾರ ಸೇರಿ ಆಡುತ್ತಾರೆ. ನನಗೂ ಆಸೆ. ಅತ್ತೆ ಬೇಡ ಅನ್ನಲಿಲ್ಲ, ಆದರೆ ಮುಖ ಸಪ್ಪಗೆ ಮಾಡಿದರು. ತಾಯಿಯಾದ ಮೇಲೆ ಮೊದಲಿನ ಹಾಗೆ ಆಡಲು ಆಗುತ್ತದಾ? (ಮೀರಾ ರೋಡ್)

ಉತ್ತರ: ಮೊದಲಿನ ಹಾಗೆಯೇ ಯಾಕೆ ಆಡಬೇಕು? ಬೇರೆ ಥರ ಆಡಬಹುದು.

ಅನಿತಾ ಗೋರ್ಬಿಟ್ಸ್‌ಗೆ ಮಗ ಹುಟ್ಟಿದ್ದು 2015ರಲ್ಲಿ. ಅವಳಿಗೆ ಆಗ ಮೂವತ್ತು ದಾಟಿತ್ತು. ಇನ್ನು ಮುಗಿಯಿತು ಅಂದುಕೊಳ್ಳುವ ವಯಸ್ಸು. ಆದರೆ ಐದು ಚಾಂಪಿಯನ್ಸ್ ಲೀಗ್‌ಗಳಲ್ಲಿ ಮೂರು ಬಂದದ್ದು ತಾಯಿಯಾದ ಮೇಲೆಯೇ, ಅದೂ ಸಾಲಾಗಿ. 2017 ಮತ್ತು 2018ರಲ್ಲಿ ಮ್ಯಾಸಿಡೋನಿಯಾದ ವಾರ್ದಾರ್ ಎದುರು ಎರಡೂ ಸಲ ಹೆಚ್ಚುವರಿ ಸಮಯದಲ್ಲಿ, ಎರಡೂ ಸಲ ಒಂದೇ ಗೋಲಿನ ಅಂತರ. 2019ರಲ್ಲಿ ರಷ್ಯಾದ ರೊಸ್ತೋವ್ ಎದುರು 25-24, ಅಲ್ಲೂ ಒಂದೇ ಗೋಲು. ಆ ವರ್ಷಗಳಲ್ಲಿ ಅವಳ ಜಾಗ ಬದಲಾಯಿತು. ನಡುವೆ ನಿಂತು ಆಟ ಕಟ್ಟುವ ಕೆಲಸ ಕಿರಿಯರಿಗೆ ಹೋಯಿತು. ಇವಳು ಹೆಚ್ಚಾಗಿ ಎಡ ಮೂಲೆಯ ವಿಂಗ್‌ನಲ್ಲಿ ಆಡಿದಳು. ಅಲ್ಲಿಂದ ಗೋಲು ಕಾಣುವುದೇ ಒಂದು ಸೀಳಿನಷ್ಟು. ಇಪ್ಪತ್ತು ವರ್ಷದ ಕಣ್ಣಿನ ಅಭ್ಯಾಸ ಅಲ್ಲಿ ಕೆಲಸಕ್ಕೆ ಬಂತು.

ನೀವು ಮೊದಲು ಡಾಕ್ಟರನ್ನು ಕೇಳಿ. ಹೊಟ್ಟೆ, ಸೊಂಟದ ಕೆಳಗಿನ ಸ್ನಾಯು ಬಲವಾಗಿದೆಯಾ ನೋಡಿಸಿಕೊಳ್ಳಿ. ಒಂದು ತಿಂಗಳು ಜೋರು ನಡಿಗೆ, ಆಮೇಲೆ ಓಟ, ಕೊನೆಗೆ ಹಾರುವುದು. ಮಗುವಿಗೆ ಹಾಲು ಕೊಟ್ಟೇ ಮೈದಾನಕ್ಕೆ ಹೋಗಿ, ನಿಮಗೂ ಹಗುರ, ಮಗುವಿಗೂ ನೆಮ್ಮದಿ.

ಅತ್ತೆಯವರ ವಿಷಯ. ನನ್ನ ಮಗಳು ಆರು ತಿಂಗಳಿದ್ದಾಗ ನಾನು ಮೈದಾನಕ್ಕೆ ವಾಪಸಾದೆ. ನಮ್ಮ ಅತ್ತೆ ಮೊದಲ ವಾರ ಮಾತೇ ಆಡಲಿಲ್ಲ. ಅವರನ್ನು ಮನೆಯಲ್ಲಿ ಬಿಟ್ಟು ಹೋಗುವ ಬದಲು ಜೊತೆಗೇ ಕರೆದುಕೊಂಡು ಹೋದೆ. ಗುಲ್‌ಮೊಹರ್ ಮರದ ಕೆಳಗೆ ಚಾಪೆ ಹಾಸಿ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತರು. ನಾವು ಸುಣ್ಣದ ಪುಡಿಯಲ್ಲಿ ಆರು ಮೀಟರ್ ಗೆರೆ ಎಳೆಯುತ್ತಿದ್ದೆವು, ಅದು ಯಾವಾಗಲೂ ಸೊಟ್ಟಗೆ ಬರುತ್ತಿತ್ತು. ಮೂರನೇ ದಿನ ಅತ್ತೆ ಎದ್ದು ಬಂದು, ಹಗ್ಗಕ್ಕೆ ಕಡ್ಡಿ ಕಟ್ಟಿ, ದೊಡ್ಡ ರಂಗೋಲಿಯ ಸುತ್ತು ಎಳೆಯುವ ಹಾಗೆ ಒಂದೇ ಸಮ ಎಳೆದುಕೊಟ್ಟರು. ಆಮೇಲೆ ನಾಲ್ಕು ವರ್ಷ ಆ ಗೆರೆ ಅವರದೇ ಕೆಲಸವಾಯಿತು. ಬೇರೆಯವರು ಎಳೆದರೆ ಅವರಿಗೆ ಸರಿ ಬರುತ್ತಿರಲಿಲ್ಲ. ನಿಮ್ಮ ಅತ್ತೆಯನ್ನೂ ಒಂದು ಭಾನುವಾರ ಕರೆದುಕೊಂಡು ಹೋಗಿ ನೋಡಿ.

ಪ್ರಶ್ನೆ: ಟೀಚರ್, ನಾನು ಏಳನೇ ಕ್ಲಾಸು. ಶಾಲೆಯ ಹ್ಯಾಂಡ್‌ಬಾಲ್ ತಂಡಕ್ಕೆ ಆಯ್ಕೆಯಾದೆ. ಎಲ್ಲರೂ ಬೇರೆ ಬೇರೆ ನಂಬರ್ ತೆಗೆದುಕೊಂಡರು. ಯಾರಿಗೂ ಬೇಡವಾದ 13 ನನಗೆ ಉಳಿಯಿತು. ಅದು ಕೆಟ್ಟ ನಂಬರ್ ಅಂತ ಗೆಳತಿಯರು ನಗುತ್ತಾರೆ. ಜೆರ್ಸಿಯೂ ದೊಡ್ಡದು, ಮೊಣಕಾಲ ತನಕ ಬರುತ್ತದೆ. ಬದಲಾಯಿಸಿ ಅಂತ ಸರ್ ಹತ್ತಿರ ಕೇಳಲಾ? (ವಾಸ್ಕೋ, ಗೋವಾ)

ಉತ್ತರ: ಪುಟ್ಟಿ, ಕೇಳಬೇಡ! ಮೇಲೆ ಇಷ್ಟು ಹೊತ್ತು ಹೇಳಿದ ಅನಿತಾ ಇದ್ದಾಳಲ್ಲ, ಹುಟ್ಟಿದ್ದು 13ನೇ ತಾರೀಕು, ಬೆನ್ನ ಮೇಲೆ ಇದ್ದದ್ದೂ 13. ಆಟ ನಿಲ್ಲಿಸಿದ ಮೇಲೆ ಅದೇ ಗ್ಯೋರ್ ಕ್ಲಬ್ಬಿಗೆ ಅಧ್ಯಕ್ಷೆಯಾದಳು. ಅವಳು ಅಧ್ಯಕ್ಷೆಯಾಗಿರುವಾಗ ಕ್ಲಬ್ 2024ರಲ್ಲಿ, 2025ರಲ್ಲಿ ಮತ್ತೆ ಚಾಂಪಿಯನ್ಸ್ ಲೀಗ್ ಗೆದ್ದಿದೆ. ಗೆಳತಿಯರಿಗೆ ಇದನ್ನು ಓದಿ ಹೇಳು.

ಜೆರ್ಸಿ ಕತ್ತರಿಸಬೇಡ. ಅಮ್ಮನಿಗೆ ಹೇಳಿ ಎರಡು ಬದಿಗೂ ಒಳಗಿನಿಂದ ಹೊಲಿಗೆ ಹಾಕಿಸು, ಕೆಳಗೆ ನಾಲ್ಕು ಬೆರಳು ಮಡಿಸಿ ಹೊಲಿಸು. ದೂರ ದೂರ ಟಾಕಾ ಹಾಕಲಿ, ಬಿಚ್ಚಲು ಸುಲಭ. ಎಂಟನೇ ಕ್ಲಾಸಿಗೆ ಒಂದು ಮಡಿಕೆ ಬಿಚ್ಚು, ಒಂಬತ್ತಕ್ಕೆ ಇನ್ನೊಂದು.